ವಾಸನೆ ಹೋದ ಮೇಲೆ

ಗುಂಡ್ಲುಪೇಟೆ
ಭಾನುವಾರ ಬೆಳಿಗ್ಗೆ

ದೇವರಾಜಣ್ಣನವರಿಗೆ,

ನೀವು ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿ ಇಂದಿಗೆ ಹನ್ನೆರಡು ದಿನ. ಕೇಳಿಸಿದರೂ ಕೇಳಿಸಬಹುದು, ಮಾತಾಡಿಸುತ್ತಿರಿ ಅನ್ನುತ್ತಾರೆ ಡಾಕ್ಟರು. ನಾನು ಬಂದಾಗಲೆಲ್ಲ ಬಸ್ಸು ರಶ್ಶಿತ್ತು, ಬಿಸಿಲು ಜಾಸ್ತಿ ಅಂತ ಏನೋ ಹರಟಿ ಎದ್ದು ಬರುತ್ತೇನೆ. ಹೇಳಬೇಕಾದ ಮಾತು ಹಾಗೇ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲು ಕಾಯಿಸಿ ಎಣ್ಣೆ ತೆಗೆಯುವ ಬದನಗುಪ್ಪೆಯ ನಮ್ಮ ಶೆಡ್ಡಿಗೆ ನೀವು ಬಂದ ಮೊದಲ ದಿನ ನೆನಪಿದೆಯೇ? ಅಸ್ಸಾಮಿನಿಂದ ಮೂಟೆಯಲ್ಲಿ ಬಂದ ಆ ಕರಿ ಪದರುಗಲ್ಲನ್ನು ಕೈಯಲ್ಲಿ ಹಿಡಿದು, "ಕಲ್ಲ ಕಾಯ್ಸುದ್ರೆ ಎಣ್ಣೆ ಬಂದದಾ? ಗಾಣದವ್ರು ಕೇಳುದ್ರೆ ನಕ್ಕಾರು ಕಣಮ್ಮಿ" ಅಂದಿರಿ. ಎಂ.ಎಸ್ಸಿ. ಮಾಡಿದ ನನ್ನನ್ನು ಮೇಡಂ ಅನ್ನದೆ ಕಣಮ್ಮಿ ಅಂದದ್ದಕ್ಕೆ ಅವತ್ತು ಮುಖ ಗಂಟಿಕ್ಕಿದ್ದೆ. ಕೊಬ್ಬು, ಬೇರೇನಲ್ಲ. ಕಲ್ಲಿನೊಳಗೆ ಮಿಂಚುವ ಹಳದಿ ಹರಳು ಕಂಡು, ಚಿನ್ನ ಅಂತ ಒಂದು ಚೂರನ್ನು ಜೇಬಿಗಿಳಿಸಿ ಹೆಂಡತಿ ಭಾಗ್ಯಕ್ಕನಿಗೆ ಒಯ್ದಿರಿ. ಅದು ಕಬ್ಬಿಣವೂ ಗಂಧಕವೂ ಕೂಡಿದ ಹರಳು ಅಂತ ನಾನು ಹೇಳಲಿಲ್ಲ, ಮನಸ್ಸಿನಲ್ಲೇ ನಕ್ಕೆ.

ಉಮ್ಮತ್ತೂರಿನಲ್ಲಿ ಇಪ್ಪತ್ತು ವರ್ಷ ಅರಿಶಿನ ಬೇಯಿಸಿದವರು ನೀವು. ಕೊಪ್ಪರಿಗೆಯಿಂದ ಹಸಿ ವಾಸನೆ ಹೋಯಿತು ಅಂದರೆ ಅರಿಶಿನ ಬೆಂದಿತು, ಬೆಂಕಿ ಎಳೆಯಬಹುದು. ನಿಮ್ಮ ಮೂಗು ಒಂದು ಸಲವೂ ತಪ್ಪಿರಲಿಲ್ಲವಂತೆ. ನಮ್ಮ ಕುಲುಮೆಯ ಮುಂದೆಯೂ ಅದೇ ಮೂಗನ್ನು ನಂಬಿದಿರಿ. ಈ ಕಲ್ಲು ಅರಿಶಿನವಲ್ಲ ಅಂತ ಹೇಳಬೇಕಾದವಳು ನಾನು. ಕಾವು ನಾನ್ನೂರು ಡಿಗ್ರಿಯ ಹತ್ತಿರ ಬಂದಾಗ ಎಣ್ಣೆಯ ಅಂಶಕ್ಕೆ ಅಂಟಿದ ಗಂಧಕ ಬಿಡಿಸಿಕೊಂಡು, ಕೊಳೆತ ಮೊಟ್ಟೆ ನಾರುವ ಅನಿಲವಾಗಿ ಹೊರಗೆ ಬರುತ್ತದೆ. ಇನ್ನೂ ಕಾಯಿಸಿ ಐನೂರು ಮುಟ್ಟಿದರೆ ನಿಮ್ಮ ಆ ಚಿನ್ನದ ಹರಳು ಒಡೆದು ತನ್ನ ಪಾಲನ್ನೂ ಸೇರಿಸುತ್ತದೆ. ಆ ಅನಿಲ ದಟ್ಟವಾದಷ್ಟೂ ಮೂಗು ಮರಗಟ್ಟುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಇಲ್ಲಿ ವಾಸನೆ ಹೋಯಿತು ಅಂದರೆ ಓಡಬೇಕು. ಇದೆಲ್ಲ ನನಗೆ ಗೊತ್ತಿತ್ತು ಅಣ್ಣ. ಚೆಂದದ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದೆ. ನಿಮಗೆ ಅದನ್ನು ಓದಲು ಬರುತ್ತದೋ ಇಲ್ಲವೋ ಅಂತ ಕೇಳಿರಲಿಲ್ಲ.

ಆ ಮಂಗಳವಾರ ಅನಿಲ ಅಳೆಯುವ ಮೀಟರು ರಿಪೇರಿಗೆ ಹೋಗಿತ್ತು. ಕೆಲಸ ನಿಲ್ಲಿಸೋಣವೇ ಅಂತ ಸೂಪರ್‌ವೈಸರ್ ಸುನೀಲ್ ಕುಮಾರ್ ಕೇಳಿದಾಗ, "ದೇವರಾಜಣ್ಣನ ಮೂಗಿರೋವಾಗ ಮೀಟರ್ ಯಾಕೆ ಸಾರ್?" ಅಂತ ತಮಾಷೆ ಮಾಡಿದವಳು ನಾನೇ. ನೀವೂ ನಕ್ಕಿರಿ, ಹೆಮ್ಮೆಯಿಂದ. ಎಲ್ಲೋ ಪೈಪಿನ ಸಂದಿಯಲ್ಲಿ ಸೋರುತ್ತಿತ್ತು. "ವಾಸ್ನೆ ಬತ್ತಾ ಅದೆ" ಅಂದಿರಿ. ಹತ್ತು ನಿಮಿಷ ಬಿಟ್ಟು, "ವಾಸ್ನೆ ಓಯ್ತು ಕಣಮ್ಮಿ, ಬೆಂದದೆ. ಎಣ್ಣೆ ಡಬ್ಬದ ಮುಚ್ಚಳ ತಗ್ದ್ಬುಡ್ಲಾ?" ಅಂದಿರಿ.

ನಾನು ಒಳಕೋಣೆಯಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುತ್ತಿದ್ದೆ. ತಿರುಗಿಯೂ ನೋಡದೆ "ಹೂಂ" ಅಂದೆ. ಡಬ್ಬದಲ್ಲಿ ತುಂಬಿದ್ದ ಅನಿಲ ಬಡಿದು ನೀವು ಬಿದ್ದ ಸದ್ದಿಗೆ ತಿರುಗಿದೆ.

ಆ ಒಂದು ಹೂಂ ಇವತ್ತಿಗೂ ನನ್ನನ್ನು ಊಟ ಮಾಡಲು ಬಿಡುತ್ತಿಲ್ಲ. ಯಾರಿಗೂ ಹೇಳಿಲ್ಲ. ಈಗ ಆಡಳಿತದವರು ಒಂದು ಕಾಗದ ತಂದಿದ್ದಾರೆ. ಯಾರನ್ನೂ ಕೇಳದೆ ದೇವರಾಜು ಮುಚ್ಚಳ ತೆಗೆದರು ಅಂತ ಅದರಲ್ಲಿದೆ, ನನ್ನ ಸಹಿಯೊಂದು ಬಾಕಿ. ಆ ಸುದ್ದಿ ಭಾಗ್ಯಕ್ಕನ ಕಿವಿಗೂ ಬಿದ್ದಿದೆ. ನಿನ್ನೆ ನಿಮ್ಮ ಪಾದ ಒತ್ತುತ್ತಾ, "ಯಾರ್ನೂ ಕೇಳ್ದೆ ತಗ್ದ್ಬುಟ್ರಂತಲ್ಲ ಇವ್ರು. ನಿಮ್ಮುನ್ನ ಕೇಳಿದ್ರೆ ಬ್ಯಾಡ ಅಂತಿದ್ರಿ, ಅಲ್ವಾ ಮೇಡಂ?" ಅಂದರು. ನಾನು ತಲೆಯಾಡಿಸಿಬಿಟ್ಟೆ, ಅಣ್ಣ. ಅವರ ಮುಖ ನೋಡುತ್ತಲೇ ತಲೆಯಾಡಿಸಿದೆ. ಆಮೇಲೆ ಅವರು ನಿಮ್ಮ ದಿಂಬಿನ ಕೆಳಗಿಂದ ಆ ಕಲ್ಲಿನ ಚೂರನ್ನು ತೆಗೆದು, ಸೆರಗಿನಲ್ಲಿ ಒರೆಸಿ ಮತ್ತೆ ಅಲ್ಲೇ ಇಟ್ಟರು.

ಅಣ್ಣ, ಏಳಿ. ಕೈಮುಗಿಯುತ್ತೇನೆ, ಏಳಿ. ಎದ್ದು ನನ್ನ ಮುಖಕ್ಕೆ ಉಗಿಯಿರಿ, "ನಿನ್ನ ಕೇಳೇ ತಗುದ್ನಲ್ಲ ಕಣಮ್ಮಿ" ಅಂತ ವಾರ್ಡೆಲ್ಲ ಕೇಳುವ ಹಾಗೆ ಕೂಗಿ. ನೀವು ಕೂಗಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆ ಅಂತ ಕಾಯುತ್ತಾ ಕೂತಿದ್ದೆ. ನೋಡಿ, ಈಗಲೂ ನನ್ನ ಕೆಲಸವನ್ನು ನಿಮ್ಮ ಕೈಲೇ ಮಾಡಿಸಲು ನೋಡುತ್ತಿದ್ದೇನೆ.

ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ಒಂಬತ್ತೂವರೆಯ ಬಸ್ಸಿಗೆ ಹೊರಡುತ್ತೇನೆ. ಹನ್ನೊಂದಕ್ಕೆ ಒಳಗೆ ಬಿಡುತ್ತಾರೆ. ಈ ಪತ್ರವನ್ನು ನಿಮ್ಮ ಕಿವಿಯ ಹತ್ತಿರ ಗಟ್ಟಿಯಾಗಿ, ಒಂದು ಅಕ್ಷರವೂ ಬಿಡದೆ ಓದುತ್ತೇನೆ. ನಿಮಗೆ ಕೇಳಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತ ಭಾಗ್ಯಕ್ಕನಿಗೆ ಕೇಳಿಸುತ್ತದೆ.

ಬೆಟ್ಟದ ಗೋಪಾಲಸ್ವಾಮಿ ನಿಮ್ಮ ಉಸಿರು ಕಾಯಲಿ.

ಅಂದು ಹೂಂ ಅಂದವಳು,
ಬೃಂದಾ