ಖುದ್ದಾಗಿ ಹತ್ತಬೇಕಾದ ಇಪ್ಪತ್ತೆರಡು ಮೆಟ್ಟಿಲು

ಏಪ್ರಿಲ್ 3, ಬೆಳಿಗ್ಗೆ 7

ಕುರ್ಚಿಯಿಂದ ಏಳುವುದು, ಕೂರುವುದು. ಹತ್ತು ಸಲ, ಕೈ ಊರದೆ. ನಾಲ್ಕಕ್ಕೇ ತೊಡೆ ನಡುಗಿತು. ಆರು ಎಂದು ಬರೆದೆ. ಆಮೇಲೆ ಹೊಡೆದು ನಾಲ್ಕು ಮಾಡಿದೆ. ಮೂವತ್ತು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿದವನು...

ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ ಮನೆಯೆಲ್ಲ ಜಾಲಾಡಿದಳು. ಬಚ್ಚಲಿನ ಜಾರುವ ಮ್ಯಾಟ್ ಹೊರಗೆ. ಮಂಚದ ಪಕ್ಕದ ಪುಸ್ತಕದ ರಾಶಿಯೂ ಹೊರಗೆ. "ತಾತ, ಇವನ್ನ ಓದೋಕೆ ಇಟ್ಟಿದ್ದೋ, ಎಡವೋಕೆ ಇಟ್ಟಿದ್ದೋ?" ಸೊಸೆ ನಕ್ಕಳು. ನಾನು ಬಿದ್ದು ಎರಡು ತಿಂಗಳಾದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು.

ಏಪ್ರಿಲ್ 6

ಹೇಗೆ ಬಿದ್ರಿ, ಹೇಳಿ ಎಂದಳು ಫಿಸಿಯೋ. ಆಸ್ಪತ್ರೆಯ ಹಾಸಿಗೆಯಿಂದ ನಗರಸಭೆಗೆ ಬರೆದ ದೂರನ್ನೇ ಒಪ್ಪಿಸಿದೆ — ಗ್ರಂಥಾಲಯದ ಮೆಟ್ಟಿಲು, ಒದ್ದೆ, ಒರೆಸುವ ಹೆಂಗಸಿನ ನಿರ್ಲಕ್ಷ್ಯ.

"ಯಾವ ಕನ್ನಡಕ ಹಾಕಿದ್ರಿ?"

"ಓದೋದು."

"ಮೆಟ್ಟಿಲು ಇಳಿಯುವಾಗ?"

"ಅಲ್ಲಿಗೆ ಹಿಡಿಕಂಬಿ ಹಾಕಿಸಿ ಅಂತ ಬರೆದಿದ್ದೆ. ನಗರಸಭೆಯ ಉತ್ತರ ಬಂದಿತ್ತು. ಓದ್ತಾ ಇಳೀತಿದ್ದೆ..."

ಅವಳು ನಗಲಿಲ್ಲ. "ಬಿದ್ದಾಗ ಪ್ಯಾಂಟು ಒದ್ದೆ ಆಯ್ತಾ?"

ಇಲ್ಲ. ಒಣಗಿತ್ತು. ಮೆಟ್ಟಿಲೂ ಒಣಗಿತ್ತು.

ಏಪ್ರಿಲ್ 7

ಆ ಹೆಂಗಸೇ ತನ್ನ ಸ್ವೆಟರ್ ಮಡಿಸಿ ನನ್ನ ತಲೆಯಡಿ ಇಟ್ಟವಳು. ಆಂಬುಲೆನ್ಸ್ ಬರುವವರೆಗೂ ನನ್ನ ಕೈ ಬಿಡಲಿಲ್ಲ. ದೂರಿನ ಎರಡು ಪುಟದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ನಗರಸಭೆಗೆ ಫೋನ್ ಮಾಡಿದೆ. ಅವಳನ್ನು ಅಂದಿನಿಂದಲೇ ಕೆಲಸದಿಂದ ದೂರ ಇಟ್ಟಿದ್ದಾರೆ. 29ಕ್ಕೆ ವಿಚಾರಣೆ. ತಪ್ಪು ನನ್ನದು, ದೂರು ರದ್ದು ಮಾಡಿ ಎಂದೆ.

"ಆಗಲ್ಲ ಸಾರ್," ಎಂದ ಗುಮಾಸ್ತ. "ದೂರುದಾರರು ಖುದ್ದಾಗಿ ಬಂದು ಸಹಿ ಹಾಕ್ಬೇಕು. ಮೇಲಿನ ಮಹಡಿ. ಈ ನಿಯಮ ನೀವೇ ಜಗಳ ಆಡಿ ಮಾಡಿಸಿದ್ದಲ್ವಾ?"

ನಾನೇ. ಹತ್ತೊಂಬತ್ತು ವರ್ಷದ ಹಿಂದೆ. ಬಡವರನ್ನು ಮನೆಯಲ್ಲೇ ಹೆದರಿಸಿ ದೂರು ವಾಪಸ್ ಬರೆಸಿಕೊಳ್ಳುತ್ತಿದ್ದರು, ಅದಕ್ಕೆ. ಈಗಲೂ ಅದು ಒಳ್ಳೆಯ ನಿಯಮವೇ.

ಇಪ್ಪತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ. ಕುರ್ಚಿ ಸಮೇತ ಎತ್ತಿಸಿಕೊಂಡು ಹೋಗೋಣ ಎಂದ ಸೊಸೆ, ಟೇಪು ಹಿಡಿದು ಅಳೆದೂ ಬಂದಳು. "ತಿರುವಲ್ಲಿ ಕುರ್ಚಿ ಹಿಡಿಸಲ್ಲ ಮಾವ. ಕಾಲೇ ಗತಿ."

ಏಪ್ರಿಲ್ 15

ಕುರ್ಚಿ — ಒಂಬತ್ತು. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ಏಳು ಸೆಕೆಂಡ್. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆದೆ. "ಮಾವ, ಸರ್ಕಸ್ ಸೇರೋ ಯೋಚನೆ ಇದ್ರೆ ಮೊದಲೇ ಹೇಳಿ," ಎಂದಳು ಸೊಸೆ. ಹಾಗೆನ್ನುತ್ತಲೇ ನನ್ನ ಬೆನ್ನ ಹಿಂದೆ ಎರಡೂ ಕೈ ಚಾಚಿ ನಿಂತಿದ್ದಳು. ಕಿಟಕಿಯ ಗಾಜಿನಲ್ಲಿ ಕಂಡಿತು. ಕಾಣದವನಂತೆ ನಡೆದೆ.

ಏಪ್ರಿಲ್ 26

ಹತ್ತು ದಿನ ಬರೆಯಲಿಲ್ಲ. ಮೊಣಕಾಲು ಊದಿತ್ತು. ಮಲಗಿರಿ ಎಂದು ಹೇಳುತ್ತಾಳೆಂದುಕೊಂಡೆ, ಫಿಸಿಯೋ ಬಿಡಲಿಲ್ಲ. ಐಸ್ ಇಟ್ಟಳು, ಕೂತಲ್ಲೇ ಕಾಲು ಚಾಚಿಸಿದಳು, ದಿನಾ ಬಂದಳು. ಇವತ್ತು ಎದುರುಮನೆಯ ಮೆಟ್ಟಿಲಲ್ಲಿ ಅಭ್ಯಾಸ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಎಪ್ಪತ್ತಾರು ವರ್ಷ ಏನೆಲ್ಲ ಓದಿದೆ. ಇದನ್ನು ಇಪ್ಪತ್ತನಾಲ್ಕರ ಹುಡುಗಿ ಕಲಿಸಬೇಕಾಯಿತು.

ಏಪ್ರಿಲ್ 29, ಮಧ್ಯಾಹ್ನ 3

ಹತ್ತಿದೆ. ಹದಿನಾಲ್ಕನೆಯದರಲ್ಲಿ ನಿಂತು ಸುಧಾರಿಸಿಕೊಂಡೆ. ಮತ್ತೆ ಹತ್ತಿದೆ. ಸಹಿ ಹಾಕಿದೆ. ನನ್ನ ತಪ್ಪನ್ನೂ ಆ ಸ್ವೆಟರನ್ನೂ ಬರೆದೆ.

ಆ ಹೆಂಗಸು ಹೊರಗೆ ಬೆಂಚಿನ ಮೇಲಿದ್ದಳು. ತಪ್ಪಾಯ್ತಮ್ಮಾ ಎಂದೆ.

"ಎರಡೂ ಮುಕ್ಕಾಲು ತಿಂಗಳು ಮನೇಲಿ ಕೂತಿದ್ದೆ," ಎಂದಳು. ಅಷ್ಟೇ. ಆಮೇಲೆ, "ನಾಳೆಯಿಂದ ಬಾ ಅಂದ್ರು."

ನಾನು ಇಳಿಯಲು ಹೊರಟೆ. ಅವಳು ಎದ್ದು ಬಂದು ನನಗಿಂತ ಒಂದು ಮೆಟ್ಟಿಲು ಮುಂದೆ ಇಳಿದಳು. ಕೈ ಹಿಡಿಯಲಿಲ್ಲ. ನಾನು ನಿಂತಲ್ಲೆಲ್ಲ ತಾನೂ ನಿಂತಳು. ಕೊನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದಳು. ಆ ದಿನ ನನ್ನ ಕೈ ಬಿಡದೆ ಕೂತಿದ್ದಕ್ಕೆ ಋಣಿ ಎಂದು ಹೇಳಬೇಕೆಂದಿದ್ದೆ, ಕೈ ಮುಗಿದೆ.