ಬೆನ್ನಿಗೆ ಪರದೆಯಿದ್ದ ಪೆಟ್ಟಿಗೆ

ನೀರಶಕೆ ೧೮೭, ಶ್ರಾವಣ ಮಾಸದ ನಲವತ್ತೊಂದನೆಯ ದಿನ
ಕೃಷ್ಣೆಯ ಹಿನ್ನೀರಿನ ಬಡಗಣ ದಂಡೆ

ಹಿಂದಿನ ಕಾಲದ ಹಿರಿಯರ ಸಭೆಗೆ ಶರಣು.

ತಾರೀಖು ಕಂಡು ಬೆಚ್ಚಬೇಡಿ. ನಮ್ಮಲ್ಲಿ ಹೊಳೆ ಇಳಿಯುವ ತನಕ ಶ್ರಾವಣ ಮುಗಿಯುವುದಿಲ್ಲ. ಈ ವರ್ಷ ಹೊಳೆ ಇನ್ನೂ ಇಳಿಯುವ ಮನಸ್ಸು ಮಾಡಿಲ್ಲ. ನನ್ನ ಮಾತು ಅಲ್ಲಲ್ಲಿ ಅಪರಿಚಿತವೆನಿಸಿದರೆ ಕ್ಷಮಿಸಿ. ಹಿಂದಕ್ಕೆ ಹರಿಯುವ ಹೊಳೆಯಿಲ್ಲವೆಂದು ಬಲ್ಲೆ, ಆದರೂ ಬರೆಯುತ್ತೇನೆ. ನಾನು ಗದಿಗೆಪ್ಪ. ನಾಟಕದ ಕಂಪನಿಯಲ್ಲಿ ಹುಟ್ಟಿ, ತೊಟ್ಟಿಲ ಬದಲು ಕಿರೀಟದ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವನು. ಸಣ್ಣ ಮಾತನ್ನೂ ಕೊನೆಯ ಸಾಲಿನ ಕಿವುಡಜ್ಜನಿಗೆ ಮುಟ್ಟುವಂತೆ ಹೇಳುವುದು ನನ್ನ ರೂಢಿ. ಇಂದು ಹೇಳುವುದು ಸಣ್ಣ ಮಾತಲ್ಲ.

ನಮ್ಮ ಊರು ಗುಡ್ಡದ ಮೇಲಿದೆ. ಎದುರಿಗೆ, ಕಣ್ಣು ಸೋಲುವಷ್ಟು ದೂರದಲ್ಲಿ, ನೀರಿನ ನಡುವೆ ಒಂದು ನಡುಗಡ್ಡೆ. ಅಲ್ಲಿ ನನ್ನ ಅಕ್ಕ ಫಕೀರವ್ವ, ಅವಳ ಗಂಡ ದ್ಯಾಮಣ್ಣ ಮಾವ, ಇಬ್ಬರೇ ಇದ್ದು ದೋಣಿಗಳಿಗೆ ದಾರಿ ತೋರುವ ದೀಪ ಕಾಯುತ್ತಿದ್ದರು. ನೆರೆಯ ದಿನಗಳಲ್ಲಿ ಯಾರೂ ದೋಣಿ ಇಳಿಸುವಂತಿಲ್ಲ, ದೀಪವನ್ನೂ ಹಚ್ಚುವುದಿಲ್ಲ. ಆದರೆ ಅತ್ತ ದೀಪದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದ್ದು ಕಂಡರೆ, ಪ್ರಾಣಾಪಾಯವೆಂದು ತಿಳಿದು ಹೋಗಲೇಬೇಕು. ಕಂಬವನ್ನು ನೋಡಲು ನಮ್ಮಲ್ಲಿ ತುಂಬುಗನ್ನಡಿಯಿದೆ. ಅದು ದೂರದ್ದನ್ನು ಆಳೆತ್ತರದ ಪರದೆಯ ಮೇಲೆ ತಂದು ತೋರಿಸುವ ಯಂತ್ರ. ತನಗೆ ಕಾಣದೆ ಉಳಿದದ್ದನ್ನು ಹಳೆಯ ನೋಟಗಳ ನೆನಪಿನಿಂದ ತಾನೇ ತುಂಬಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಮಂಜಿರಲಿ, ಮಳೆಯಿರಲಿ, ನಡುಗಡ್ಡೆ ತೊಳೆದಿಟ್ಟ ತಾಟಿನಂತೆ ಹೊಳೆಯುತ್ತಿತ್ತು. ಪ್ರತಿ ಮುಂಜಾನೆ ಊರೇ ನೆರೆದು ನೋಡುತ್ತಿತ್ತು. ಕಟ್ಟೆಯ ಮೇಲೆ ಅಕ್ಕ, ಪಕ್ಕದಲ್ಲಿ ಮಾವ, ಕಂಬ ಬರಿದು. ನಾವು ನೆಮ್ಮದಿಯಿಂದ ರೊಟ್ಟಿ ತಿನ್ನಲು ಮನೆಗೆ ಹೋಗುತ್ತಿದ್ದೆವು.

ಈ ಶ್ರಾವಣದಲ್ಲಿ ಕಂಪನಿಯ ಸಾಮಾನುಗಳನ್ನು ಒಣಗಿಸುವಾಗ ನಿಮ್ಮ ಕಾಲದ ಪುಟ್ಟ ಕ್ಯಾಮೆರಾ ಸಿಕ್ಕಿತು. ಹಾಸ್ಯದ ದೃಶ್ಯದಲ್ಲಿ ಫೋಟೋಗ್ರಾಫರ್ ಪಾತ್ರದವನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ವಸ್ತು. ದೀಪ ರಿಪೇರಿಯ ತಿಪ್ಪವ್ವ ಅದಕ್ಕೆ ಜೀವ ಕೊಟ್ಟಳು. ಕುಲುಮೆಗೆ ಹಾಕಿ ಕರಗಿಸುವುದೋ, ಇಟ್ಟುಕೊಳ್ಳುವುದೋ, ಪರೀಕ್ಷಿಸಿ ಹೇಳು ಎಂದು ಪಂಚರು ನನಗೆ ಒಪ್ಪಿಸಿದರು. ಪರೀಕ್ಷಿಸಿದೆ. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಗುಂಡಿಯ ಸುತ್ತಲಿನ ಪುಟ್ಟ ಸನ್ನೆಕೋಲು ತಳ್ಳಿದರೆ ಮೂತಿ ಆಮೆಯ ಕತ್ತಿನಂತೆ ಹೊರಬರುತ್ತದೆ. ಮೊದಲು ಇಡೀ ಗುಡ್ಡ, ಆಮೇಲೆ ಗುಡ್ಡದ ಬಂಡೆ, ಕೊನೆಗೆ ಬಂಡೆಯ ಮೇಲಿನ ಕಾಗೆ. ಎಳೆದಷ್ಟೂ ನನ್ನ ಕೈನಡುಕವೂ ದೊಡ್ಡದಾಗುತ್ತಿತ್ತು, ಪೆಟ್ಟಿಗೆಯನ್ನು ಗೂಟಕ್ಕೆ ಬಿಗಿಯಬೇಕಾಯಿತು. ಮುಸ್ಸಂಜೆಯಲ್ಲಿ ಚಿತ್ರದ ತುಂಬ ಜೋಳದ ನುಚ್ಚು ಚೆಲ್ಲಿದಂತೆ ಕಾಳು ಕಾಳು. ಮೂತಿಯ ಗಾಜು ಓಡುವಷ್ಟೂ ಓಡಿ ನಿಂತ ಮೇಲೂ ತಳ್ಳಿದರೆ ಕಾಗೆ ಹಿಗ್ಗುತ್ತದೆಯೇ ಹೊರತು ಹತ್ತಿರ ಬರುವುದಿಲ್ಲ.

"ಇದಕ್ಕೂ ಬೆನ್ನಿಗೊಂದು ಪರದೆ ಐತಲ್ಲೋ. ಇದನ್ನ ಹೆಂಗ ನಂಬೂದು?" ಎಂದಳು ತಿಪ್ಪವ್ವ.

ಅವಳ ಮಾತು ನಾಟಿತು. ನಮ್ಮ ಕಸುಬಿನಲ್ಲಿ ಪರದೆಯೆಂದರೆ ಬಣ್ಣ ಬಳಿದ ಬಟ್ಟೆ. ಅರಮನೆ ಬೇಕಾದರೆ ಅರಮನೆ, ಅಡವಿ ಬೇಕಾದರೆ ಅಡವಿ ಇಳಿಬಿಡುತ್ತೇವೆ. ಅದಕ್ಕೆ ಒರಗಬಾರದೆಂದು ನಟನಿಗೆ ಮೊದಲ ದಿನವೇ ಕಲಿಸುತ್ತೇವೆ.

ಎರಡೂ ಯಂತ್ರಗಳನ್ನು ಒಂದೇ ದೃಶ್ಯಕ್ಕೆ ಹಿಡಿಯೋಣವೆಂದೆ. ರಾಜಪಾತ್ರದ ಹುಚ್ಚೇಶನಿಗೆ ವೇಷ ಹಾಕಿ ದಂಡೆಯ ತುದಿಯ ಬಂಡೆಗೆ ಕಳಿಸಿದೆವು. ತುಂಬುಗನ್ನಡಿಯಲ್ಲಿ ಮಹಾರಾಜ ತುಂಬು ಮೀಸೆಯಲ್ಲಿ ಮೆರೆದ. ಕ್ಯಾಮೆರಾದಲ್ಲಿ ಮೀಸೆ ಅರ್ಧವೇ ಇತ್ತು. ಹಳೆಯ ಯಂತ್ರ ಕೆಟ್ಟಿದೆಯೆಂದು ಪಂಚರು ನಕ್ಕರು. ಅಷ್ಟರಲ್ಲಿ ಹುಚ್ಚೇಶ ತಿರುಗಿ ಬಂದ. ತುಟಿಯ ಮೇಲೆ ಅರ್ಧ ಮೀಸೆ.

"ಅಂಟು ಬಿಡ್ತು, ಉಳಿದದ್ದು ಹೊಳಿ ಪಾಲಾತು. ಯಾಕ, ಎಲ್ಲಾರೂ ಹೆಣಾ ಕಂಡಂಗ ನೋಡತೀರಿ?" ಎಂದ.

ತುಂಬುಗನ್ನಡಿ ರಾಜನಿಗೆ ಮೀಸೆ ತುಂಬಿತ್ತು. ಹಾಗಾದರೆ ನಡುಗಡ್ಡೆಗೆ ಏನೇನು ತುಂಬಿದೆ?

ಕ್ಯಾಮೆರಾವನ್ನು ಅತ್ತ ತಿರುಗಿಸಿ, ಗಾಜು ಓಡುವಷ್ಟೂ ಎಳೆದೆ. ಮಸುಕು ಚಿತ್ರ. ಕಟ್ಟೆಯ ಮೇಲೆ ಯಾರೂ ಇಲ್ಲ. ಕಂಬದಲ್ಲಿ ಒಂದು ಬಟ್ಟೆ. ಅದು ಕೆಂಪಾಗಿರಲಿಲ್ಲ, ಬಿಸಿಲು ಮಳೆಗೆ ಬಣ್ಣ ಬಿಟ್ಟು ಹಳೆಯ ಇಟ್ಟಿಗೆಯ ಪುಡಿಯಂತಾಗಿತ್ತು. ಅಷ್ಟು ದಿನದಿಂದ ಅದು ಅಲ್ಲಿತ್ತು. ಇದ್ದ ಬಟ್ಟೆಯನ್ನು ಕಲೆಯೆಂದು ಒರೆಸಿ, ಇಲ್ಲದವರನ್ನು ಕಟ್ಟೆಯ ಮೇಲೆ ಕೂರಿಸಿ, ತುಂಬುಗನ್ನಡಿ ದಿನವೂ ನಮ್ಮೆದುರು ಹಳೆಯ ಪರದೆಯನ್ನೇ ಇಳಿಬಿಟ್ಟಿತ್ತು.

ಕೂಡಲೇ ದೋಣಿ ಇಳಿಸಿದೆವು. ಅಕ್ಕ ಹೊಸ್ತಿಲಲ್ಲಿ ಕುಳಿತಿದ್ದಳು. ಮಾವನನ್ನು ಒಬ್ಬಳೇ ಮಣ್ಣು ಮಾಡಿದ್ದಳು. ಜ್ವರದಲ್ಲಿ ಬಹಳ ದಿನ ನರಳಿದನಂತೆ, ಕೊನೆಯ ತನಕ ದೋಣಿಯ ಹುಟ್ಟಿನ ಸದ್ದಿಗೆ ಕಿವಿಗೊಟ್ಟಿದ್ದನಂತೆ.

"ಮದುವಿ ಸೀರಿ ಹರದು ಕಟ್ಟಿದ್ನಲ್ಲೋ ತಮ್ಮಾ," ಎಂದಳು. "ಆ ದಂಡಿಮ್ಯಾಲೆ ಕುಂತು ನಾಟಕಾ ನೋಡಾಕತ್ತಿದ್ರೇನು?"

ನಾನು ಕಂಬದ ಬಟ್ಟೆ ಬಿಚ್ಚಿ ಮಡಚಿಕೊಂಡು, ಅವಳನ್ನು ಕೈಹಿಡಿದು ದೋಣಿಗೆ ಕರೆತಂದೆ.

ಪಂಚರಿಗೆ ನಾನು ಒಪ್ಪಿಸಿದ ಫಲಿತಾಂಶ ಇಷ್ಟೇ. ಈ ಪೆಟ್ಟಿಗೆ, ಕೈ ನಡುಗಿದರೆ ತಾನೂ ನಡುಗುತ್ತದೆ. ಬೆಳಕು ಸಾಲದಿದ್ದರೆ ಕಾಣೆನೆಂದು ಒಪ್ಪಿಕೊಳ್ಳುತ್ತದೆ. ಇಟ್ಟುಕೊಳ್ಳಿ.

ಹಿರಿಯರೇ, ನಿಮ್ಮ ಅಂಗಡಿಗಳಲ್ಲಿ ಇಂಥವು ಸಾಲಾಗಿ ಕುಳಿತಿರುತ್ತವಂತೆ. ಎಷ್ಟು ದೂರ ಎಳೆಯುತ್ತದೆ, ಚಿತ್ರ ಎಷ್ಟು ನುಣುಪು ಎಂದು ಕೇಳುವಿರಿ, ಕೇಳಿ. ಕಾಣದಾಗ ಏನು ಮಾಡುತ್ತದೆ ಎಂಬುದನ್ನೂ ಕೇಳಿ. ನಿಮ್ಮಲ್ಲಿ ಯಾರೋ ನುಣುಪು ಸಾಲದೆಂದು ಬೇಡಿದ ವರವೇ ಬೆಳೆದು ಬೆಳೆದು ನಮ್ಮ ತುಂಬುಗನ್ನಡಿಯಾಯಿತು. ಮಸುಕಾದ ಚಿತ್ರವನ್ನು ಅಳಿಸುವ ಮುನ್ನ ಅದರಲ್ಲಿ ಯಾರಾದರೂ ಬಟ್ಟೆ ಕಟ್ಟಿದ್ದಾರೆಯೇ ಎಂದು ನೋಡಿ.

ಅಕ್ಕ ಈಗ ನಮ್ಮೊಡನೆ ಈ ದಂಡೆಯಲ್ಲಿದ್ದಾಳೆ. ನಿನ್ನೆ ಯಾರೋ ಮರೆತು ತುಂಬುಗನ್ನಡಿಯನ್ನು ಹಚ್ಚಿದರು. ಪರದೆಯ ಮೇಲೆ ಮಾವ ಎಂದಿನಂತೆ ಕಟ್ಟೆಯಲ್ಲಿ ಕುಳಿತಿದ್ದ, ಪಕ್ಕದಲ್ಲಿ ಅಕ್ಕ. ಅಕ್ಕ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಒಳಗಿನಿಂದ ತನ್ನ ಕೌದಿ ತಂದು, ಮಲಗಿದವರಿಗೆ ಹೊದಿಸುವ ಹಾಗೆ ಅದಕ್ಕೆ ಹೊದಿಸಿದಳು.

ನಿಮ್ಮ ಮುಂದಿನವನು,
ಗದಿಗೆಪ್ಪ