ಹೆಬ್ಬೆರಳಿನ ಸುಟ್ಟ ಕಲೆ

ಬನಹಟ್ಟಿ, ಜುಲೈ ೧೦, ಗುರುವಾರ

ಮಗ್ಗದ ಪರೀಕ್ಷೆಯಲ್ಲಿ ನಾನು ಫೇಲಾಗಿದ್ದೇನೆ. ಕೆಲಸ ಬರುವುದಿಲ್ಲ ಎಂದಲ್ಲ, ನಕಲು ಮಾಡಿದ್ದೇನೆ ಎಂದು. ಹರಿದ ಎಳೆಗೆ ಗಂಟು ಹಾಕುವುದನ್ನು ನಕಲು ಮಾಡುವುದಾದರೂ ಹೇಗೆ ಎಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಂಡೆ.

ಈ ಸಲ ಪರೀಕ್ಷಕರು ಬಂದಿರಲಿಲ್ಲ. ಕೆಲಸ ಮಾಡುವ ಕೈಗಳ ವಿಡಿಯೊ ಕಳಿಸಿದರೆ ಸಾಕು ಎಂದಿದ್ದರು. ನಮಗೆ ಕಲಿಸುವ ಅಂಜನಾ ಅಕ್ಕ ತನ್ನ ಮೊಬೈಲಿನಲ್ಲೇ ನನ್ನದನ್ನು ತೆಗೆದು, "ನಾನ ಕಳಸ್ತೇನಿ, ನೀ ಮನಿಗೆ ಹೋಗು" ಅಂದಿದ್ದಳು.

ನಾನು ಯಾರದನ್ನು ನಕಲು ಮಾಡಿದೆನೆಂದು ಸಂಜೆ ತರಬೇತಿ ಕೇಂದ್ರದ ಕಂಪ್ಯೂಟರಿನಲ್ಲಿ ತೋರಿಸಿದರು. ಹೆಸರು ವೈಶಾಲಿಯದು, ನಮ್ಮ ಜೊತೆಗೇ ಕಲಿಯುವ ಅಂಜನಾ ಅಕ್ಕನ ನಾದಿನಿ. ಎಳೆ ಹಿಡಿದ ಹೆಬ್ಬೆರಳ ಮೇಲೆ ರೊಟ್ಟಿ ಹಂಚು ತಗುಲಿ ಸುಟ್ಟ ಕಲೆ. ಅದು ನನ್ನ ಹೆಬ್ಬೆರಳು. ಒಂದೇ ವಿಡಿಯೊ ಮೊದಲು ಅವಳ ಹೆಸರಿನಲ್ಲಿ ಹೋಗಿದೆ, ಆಮೇಲೆ ನನ್ನ ಹೆಸರಿನಲ್ಲಿ.

ನೇರ ಅಕ್ಕನ ಮನೆಗೆ ಹೋದೆ. ನೀರು ಕೊಟ್ಟಳು. ಕುಡಿಯಲಿಲ್ಲ.

"ಅಕಿಗೆ ಗಂಟ ಹಾಕಾಕ ಬರೂದಿಲ್ಲ, ನಿನಗ ಗೊತ್ತೈತಿ. ಕೆಲಸ ಬರೂ ನಿನಗ ಇನ್ನೊಂದ ಪರೀಕ್ಷಾ ಏನ ದೊಡ್ಡದು?" ಅಂದಳು.

ಶಾಲೆ ಬಿಟ್ಟು ಬಂದ ನನಗೆ ಎಳೆ ಹಿಡಿಯಲು ಕಲಿಸಿದವಳು ಇವಳೇ. ಲೋಟವನ್ನು ಹಾಗೇ ಕೆಳಗಿಟ್ಟು ಎದ್ದೆ.

ಮರುಪರೀಕ್ಷೆಗೆಂದು ಶನಿವಾರ ಮತ್ತೆ ವಿಡಿಯೊ ತೆಗೆಯುತ್ತಾಳಂತೆ. ಬಾಗಿಲ ತನಕ ಬಂದು, ನನ್ನ ಕೈ ಹಿಡಿದು, ಮೆಲ್ಲಗೆ ಹೇಳಿದಳು:

"ಈ ಸಲ ಹೆಬ್ಬಟ್ಟಿಗೆ ಬಟ್ಟಿ ಸುತ್ಕೊಂಡ ಬಾ. ಆ ಸುಟ್ಟ ಕಲಿ ಕಂಡ್ರ ಮತ್ತ ವೈಶಾಲಿ ಕೈ ಅಂತಾರ."